ಎರಡೂ ಪಟ್ಟಿಯಲ್ಲಿ ಇರುವವರನ್ನು ಎಷ್ಟು ಸಲ ಎಣಿಸಬೇಕು?

ಮಾನ್ಯ ಸಂಪಾದಕರೇ,

ಪ್ರಥಮ ಪಿಯುಸಿ ಗಣಿತ ಪುಸ್ತಕದ ಮೊದಲ ಪಾಠ ಗಣಗಳು, ಅಂದರೆ ಇಂಗ್ಲಿಷಿನಲ್ಲಿ ಸೆಟ್ಸ್ ಎನ್ನುವ ಗುಂಪುಗಳ ಪಾಠ. ಆ ಪಾಠದ ಬಾಲ ಕತ್ತರಿಸಿ ಕೆಲವು ವರ್ಷ ಆಯಿತು, ಯಾರೂ ಕೇಳಲಿಲ್ಲ. ಇತಿಹಾಸದ ಪುಸ್ತಕದಿಂದ ಒಂದು ಪುಟ ತೆಗೆದರೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ, ನಿಮ್ಮ ಈ ಓದುಗರ ಕಾಲಂ ತುಂಬಿ ಹೋಗುತ್ತದೆ. ಗಣಿತದಿಂದ ನಾಲ್ಕು ಪುಟ ಹೋದರೆ ಮಕ್ಕಳಿಗೆ ಖುಷಿ, ಅಪ್ಪ ಅಮ್ಮನಿಗೆ ಖುಷಿ, ನಿಜ ಹೇಳಬೇಕೆಂದರೆ ಸ್ಟಾಫ್ ರೂಮಿನಲ್ಲೂ ಸುಮಾರು ಜನಕ್ಕೆ ಖುಷಿ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಏನು ಹೋಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಕೋವಿಡ್ ಆದ ಮೇಲೆ ಮಕ್ಕಳ ಹೊರೆ ಇಳಿಸಬೇಕು ಎಂದು 2022ರಲ್ಲಿ ಎನ್‌ಸಿಇಆರ್‌ಟಿ ತನ್ನ ಪುಸ್ತಕಗಳಿಗೆ ಕತ್ತರಿ ಹಾಕಿತು. ನಮ್ಮ ಪಿಯು ಕಾಲೇಜುಗಳಲ್ಲೂ ಗಣಿತಕ್ಕೆ ಅದೇ ಪುಸ್ತಕ. ಗಣ ಎಂದರೇನು, ಉಪಗಣ, ಸಂಯೋಗ (ಎರಡರಲ್ಲಿ ಒಂದರಲ್ಲಾದರೂ ಇರುವವರ ಗಣ), ಛೇದನ (ಎರಡರಲ್ಲೂ ಇರುವವರ ಗಣ), ಪೂರಕ ಗಣ, ಗಣಗಳನ್ನು ವೃತ್ತಗಳಾಗಿ ತೋರಿಸುವ ವೆನ್ ಚಿತ್ರ, ಇವೆಲ್ಲ ಉಳಿದವು. ಕೊನೆಯಲ್ಲಿ, ಎರಡು ಗಣಗಳನ್ನು ಸೇರಿಸಿದಾಗ ಒಟ್ಟು ಎಷ್ಟು ಗಣಾಂಶ, ಅಂದರೆ ಗಣದ ಸದಸ್ಯರು, ಆಗುತ್ತವೆ ಎಂದು ಎಣಿಸುವ ದಿನಬಳಕೆಯ ಲೆಕ್ಕಗಳ ಭಾಗವೊಂದಿತ್ತು. ಅದು ಹೋಯಿತು. ಅದರ ಜತೆ ಅಭ್ಯಾಸ 1.6 ಪೂರ್ತಿ ಹೋಯಿತು. ಹಾರೆ, ಗುದ್ದಲಿ, ಬುಟ್ಟಿ ಎಲ್ಲ ಕೈಗೆ ಕೊಟ್ಟು ಗದ್ದೆಯನ್ನೇ ಕಿತ್ತುಕೊಂಡ ಹಾಗಾಯಿತು. ಸಂಯೋಗದ ಚಿಹ್ನೆ ಬರೆಯಲು ಬರುವ ಹುಡುಗನಿಗೆ ಆ ಚಿಹ್ನೆಯಿಂದ ಏನು ಕೆಲಸ ಆಗುತ್ತದೆ ಎಂದು ಗೊತ್ತಿಲ್ಲ.

ಹಿಂದೆ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಗಣಗಳ ಪಾಠ ಇತ್ತು. ಹತ್ತನೇ ಕ್ಲಾಸಿಗೆ ಎನ್‌ಸಿಇಆರ್‌ಟಿ ಪುಸ್ತಕ ಬಂದ ಮೇಲೆ ಅದು ಪಿಯುಸಿಗೆ ಹೋಯಿತು. ಅಂದರೆ ಎಸ್ಸೆಸ್ಸೆಲ್ಸಿ ಮುಗಿಸಿ ಕಲಾ ವಿಭಾಗಕ್ಕೆ ಹೋಗುವ ಮಗು ಈ ಲೆಕ್ಕವನ್ನು ಜೀವಮಾನದಲ್ಲಿ ನೋಡುವುದೇ ಇಲ್ಲ. ಮುಂದೆ ಪತ್ರಕರ್ತರು, ಪಂಚಾಯ್ತಿ ಕಾರ್ಯದರ್ಶಿಗಳು, ಸಮಾಜ ಕಾರ್ಯಕರ್ತರು ಆಗುವವರು ಜಾಸ್ತಿ ಆ ಕಡೆಯವರೇ ಅಲ್ವಾ? ವಿಜ್ಞಾನ ತೆಗೆದುಕೊಂಡವರಿಗೂ ಈಗ ಅದೇ ಗತಿ.

ಹೋಗಿದ್ದು ಭಯಂಕರ ಲೆಕ್ಕವೇನಲ್ಲ. ಒಂದನ್ನು ನೋಡಿ. 70 ಜನರ ಗುಂಪಿನಲ್ಲಿ 37 ಜನಕ್ಕೆ ಕಾಫಿ ಇಷ್ಟ, 52 ಜನಕ್ಕೆ ಟೀ ಇಷ್ಟ, ಪ್ರತಿಯೊಬ್ಬರಿಗೂ ಎರಡರಲ್ಲಿ ಒಂದಾದರೂ ಇಷ್ಟ. ಎರಡೂ ಇಷ್ಟಪಡುವವರು ಎಷ್ಟು? 37ಕ್ಕೆ 52 ಕೂಡಿಸಿದರೆ 89. ಇರುವವರು 70. ಹೆಚ್ಚಾದ 19 ಎಲ್ಲಿಂದ ಬಂತು? ಎರಡೂ ಕಡೆ ಎಣಿಸಿಕೊಂಡವರಿಂದ. ಉತ್ತರ 19. ಇಷ್ಟೇ.

ಈ ಪಾಠ ಮಾಡುವಾಗ ನಾನು ಬೋರ್ಡಿಗೆ ಹೋಗುವ ಮೊದಲು ಮಕ್ಕಳ ಕೈ ಎತ್ತಿಸುತ್ತೇನೆ. ಬಸ್ ಪಾಸ್ ಇರುವವರು ಕೈ ಎತ್ತಿ. ಈಗ ಸ್ಕಾಲರ್‌ಶಿಪ್ ಬರುವವರು ಕೈ ಎತ್ತಿ. 60 ಜನರ ಕ್ಲಾಸಿನಲ್ಲಿ ಮೊದಲ ಸಲ 38 ಕೈ, ಎರಡನೇ ಸಲ 31 ಕೈ ಎಂದುಕೊಳ್ಳಿ. ಒಟ್ಟು 69 ಕೈ. ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ ಕೂಗೇ ಕೂಗುತ್ತಾನೆ: ಸಾರ್, ನಾವಿರೋದೇ 60! ಅಲ್ಲಿಗೆ ಅರ್ಧ ಪಾಠ ಮುಗಿಯಿತು. ಎಣಿಸಿದ್ದು ಕೈಗಳನ್ನು, ಬೇಕಾಗಿದ್ದು ತಲೆಗಳು. ಕನಿಷ್ಠ 9 ಜನ ಎರಡು ಸಲ ಕೈ ಎತ್ತಿರಲೇಬೇಕು ಎಂದು ಯಾರನ್ನೂ ಕೇಳದೆ ಹೇಳಬಹುದು. ನಿಜವಾಗಿ ಎಷ್ಟು ಅಂತ ತಿಳಿಯಬೇಕಾದರೆ ಕೇಳಲೇಬೇಕು. ಎರಡೂ ಇರುವವರು ಎದ್ದು ನಿಲ್ಲಿ ಎಂದರೆ 17 ಜನ ನಿಂತರು ಅನ್ನಿ. 69ರಲ್ಲಿ 17 ಕಳೆದರೆ 52. ಅಷ್ಟು ಜನಕ್ಕೆ ಒಂದಾದರೂ ಸಿಗುತ್ತಿದೆ. ಉಳಿದ 8 ಮಕ್ಕಳಿಗೆ ಪಾಸೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಆ 8 ಮಕ್ಕಳ ಮೇಲೆ ಸ್ವಲ್ಪ ಗಮನ ಇರಲಿ, ಮುಂದೆ ಅವರಂಥವರ ವಿಷಯ ಬರುತ್ತದೆ.

ಮೂರನೇ ಪ್ರಶ್ನೆ ಸೇರಿಸಿದರೆ ಆಟ ರಂಗೇರುತ್ತದೆ. ಮನೆಯಲ್ಲಿ ಹಸು ಇರುವವರು ಕೈ ಎತ್ತಿ. ಈಗ ಮೂರೂ ಸಲ ಕೈ ಎತ್ತಿದ ಒಬ್ಬ ಹುಡುಗಿಯನ್ನು ಮುಂದೆ ಕರೆದು ನಿಲ್ಲಿಸುತ್ತೇನೆ. ಈಕೆ ಎಷ್ಟು ಸಲ ಲೆಕ್ಕಕ್ಕೆ ಬಂದಳು? ಮೂರು ಸಲ. ಈಗ ಪಾಸ್ ಮತ್ತು ಸ್ಕಾಲರ್‌ಶಿಪ್ ಎರಡೂ ಇರುವವರನ್ನು ಒಂದು ಸಲ ಕಳೆಯೋಣ, ಸ್ಕಾಲರ್‌ಶಿಪ್ ಮತ್ತು ಹಸು ಇರುವವರನ್ನು ಕಳೆಯೋಣ, ಪಾಸ್ ಮತ್ತು ಹಸು ಇರುವವರನ್ನು ಕಳೆಯೋಣ. ಮೂರು ಸಲ ಕಳೆದೆವು, ಈಕೆ ಮೂರರಲ್ಲೂ ಇದ್ದಾಳೆ. ಮೂರರಲ್ಲಿ ಮೂರು ಹೋದರೆ ಸೊನ್ನೆ. ಹುಡುಗಿ ಲೆಕ್ಕದಿಂದಲೇ ಮಾಯ! ಎದುರಿಗೆ ನಿಂತಿದ್ದಾಳೆ, ನಗುತ್ತಿದ್ದಾಳೆ, ಆದರೆ ನಮ್ಮ ಉತ್ತರದಲ್ಲಿ ಇಲ್ಲ. ಅದಕ್ಕೇ ಮೂರರಲ್ಲೂ ಇರುವವರನ್ನು ಕೊನೆಗೆ ಒಂದು ಸಲ ವಾಪಸ್ ಕೂಡಿಸಬೇಕು. ಸೂತ್ರದ ಕೊನೆಯಲ್ಲಿ ಕೂಡಿಸುವ ಗುರುತು ಯಾಕೆ ಬಂತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ನಾಲ್ಕು ಪಟ್ಟಿ ಇದ್ದು ಒಬ್ಬರು ನಾಲ್ಕರಲ್ಲೂ ಇದ್ದರೆ? ಒಂದೊಂದು ಪಟ್ಟಿಗೆ 4 ಕೂಡಿಸಿ, ಎರಡೆರಡರ ಜೋಡಿಗಳಿಗೆ 6 ಕಳೆದು, ಮೂರು ಮೂರರ ಗುಂಪುಗಳಿಗೆ 4 ಕೂಡಿಸಿ, ನಾಲ್ಕೂ ಸೇರಿದ್ದಕ್ಕೆ 1 ಕಳೆಯಿರಿ. ಬರುವುದು 1. ಐದು ಪಟ್ಟಿ ಇದ್ದರೂ ಅಷ್ಟೇ, ಹತ್ತಿದ್ದರೂ ಅಷ್ಟೇ. ಒಂದು ತಲೆ, ಒಂದೇ ಎಣಿಕೆ. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿನಲ್ಲಿದ್ದ ಗಣಿತಜ್ಞ ಡಿ ಮ್ವಾವ್ರ್ 1718ರ ತನ್ನ ಸಂಭವನೀಯತೆಯ ಪುಸ್ತಕದಲ್ಲೇ ಈ ಕೂಡು ಕಳೆ ಬಳಸಿದ್ದ. ಎಲ್ಲರಿಗೂ ಗೊತ್ತಿರುವ ವೆನ್ ಚಿತ್ರ ಬಂದಿದ್ದು 1880ರಲ್ಲಿ. ಲೆಕ್ಕ ಮೊದಲು, ಚಿತ್ರ ಆಮೇಲೆ.

ಚಿತ್ರ ಬರೆಯುವಲ್ಲಿ ಮಕ್ಕಳು ಎಡವುವ ಜಾಗ ಒಂದೇ. ಹಳೆಯ ಪುಸ್ತಕದಲ್ಲಿ ಇನ್ನೊಂದು ಲೆಕ್ಕ ಇತ್ತು. 35 ಮಕ್ಕಳ ತರಗತಿ, 24 ಮಕ್ಕಳಿಗೆ ಕ್ರಿಕೆಟ್ ಇಷ್ಟ, 16 ಮಕ್ಕಳಿಗೆ ಫುಟ್‌ಬಾಲ್ ಇಷ್ಟ, ಎಲ್ಲರಿಗೂ ಒಂದಾದರೂ ಇಷ್ಟ. ಹುಡುಗ ಎರಡು ವೃತ್ತ ಬರೆಯುತ್ತಾನೆ, ಎಡಗಡೆಯ ಅರ್ಧಚಂದ್ರದಲ್ಲಿ 24, ಬಲಗಡೆಯದರಲ್ಲಿ 16 ಬರೆದುಬಿಡುತ್ತಾನೆ, ಆಮೇಲೆ ಮಧ್ಯದ ಜಾಗ ನೋಡಿಕೊಂಡು ಪೆನ್ನು ಕಚ್ಚುತ್ತಾ ಕೂರುತ್ತಾನೆ. 24 ಎಂಬುದು ಇಡೀ ವೃತ್ತದ ಲೆಕ್ಕ, ಮಧ್ಯದವರೂ ಅದರೊಳಗೇ ಇದ್ದಾರೆ ಎಂಬುದು ತಲೆಗೆ ಹೋಗಿರುವುದಿಲ್ಲ. ಮಧ್ಯದಿಂದ ಶುರು ಮಾಡು ಎಂದು ಹೇಳಿಕೊಡಬೇಕು. 24 ಮತ್ತು 16 ಸೇರಿ 40, ಇರುವವರು 35, ಹಾಗಾಗಿ ಮಧ್ಯ 5. ಎಡಗಡೆ ಉಳಿದಿದ್ದು 19, ಬಲಗಡೆ ಉಳಿದಿದ್ದು 11. ಮೂರನ್ನೂ ಕೂಡಿಸು, 35 ಬಂತಾ? ಬಂತು. ಉತ್ತರ ಸರಿಯೋ ತಪ್ಪೋ ಎಂದು ಮೇಷ್ಟ್ರ ಮುಖ ನೋಡಬೇಕಾಗಿಲ್ಲ, ಕಾಗದವೇ ಹೇಳುತ್ತದೆ. ಹೀಗೆ ತಾನೇ ಪರೀಕ್ಷಿಸಿಕೊಳ್ಳಬಹುದಾದ ಲೆಕ್ಕಗಳು ಪಿಯು ಪುಸ್ತಕದಲ್ಲಿ ಕಡಿಮೆ, ಇದ್ದದ್ದನ್ನೂ ತೆಗೆದರು.

ಸರಿ, ಕಾಫಿ ಟೀ ಕ್ರಿಕೆಟ್ಟು ಬಿಡಿ. ಇದಕ್ಕೂ ಪೇಪರಿಗೂ ಏನು ಸಂಬಂಧ ಅಂತೀರಾ? ಒಂದು ಆರೋಗ್ಯ ತಪಾಸಣಾ ಶಿಬಿರದ ಸುದ್ದಿ ಕಲ್ಪಿಸಿಕೊಳ್ಳಿ. 250 ಜನ ಬಂದಿದ್ದರು, 140 ಜನಕ್ಕೆ ಬಿಪಿ, 130 ಜನಕ್ಕೆ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಆಯೋಜಕರು ಕೊಟ್ಟ ಚೀಟಿಯಲ್ಲಿ ಒಟ್ಟು 270 ರೋಗಿಗಳು ಎಂದಿರುತ್ತದೆ. ಬಂದವರಿಗಿಂತ ರೋಗಿಗಳೇ ಜಾಸ್ತಿ! ಇಂಥದ್ದು ಕಣ್ಣಿಗೆ ಹೊಡೆಯುತ್ತದೆ, ಡೆಸ್ಕಿನಲ್ಲಿ ಯಾರಾದರೂ ಹಿಡಿಯುತ್ತಾರೆ. ಅದೇ 400 ಜನ ಬಂದಿದ್ದರೆ? 270 ಎಂಬ ಅಂಕಿ ಯಾರ ಕಣ್ಣಿಗೂ ಬೀಳದೆ ಅಚ್ಚಾಗಿ ಹೋಗುತ್ತದೆ. ತಪ್ಪು ಅದೇ ತಪ್ಪು. ನಮ್ಮ ಊರುಗಳಲ್ಲಿ ಬಿಪಿ ಶುಗರ್ ಎನ್ನುವುದು ಒಂದೇ ಉಸಿರಿನ ಮಾತು, ಎರಡೂ ಒಟ್ಟಿಗೇ ಇರುವವರು ಮನೆಗೊಬ್ಬರು ಸಿಗುತ್ತಾರೆ. ಎರಡನ್ನೂ ಕೂಡಿಸಿ ರೋಗಿಗಳ ಸಂಖ್ಯೆ ಎನ್ನುವ ಹಾಗೇ ಇಲ್ಲ.

ಇದು ಕಲ್ಪನೆ ಆಯಿತು. ನಿಜವಾದ ಅಂಕಿಗಳಿಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಐದು ವರ್ಷದೊಳಗಿನ ಮಕ್ಕಳ ಅಪೌಷ್ಟಿಕತೆಯನ್ನು ಮೂರು ರೀತಿ ಅಳೆಯುತ್ತಾರೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಒಂದು, ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಎರಡು, ವಯಸ್ಸಿಗೆ ತಕ್ಕ ತೂಕ ಇಲ್ಲದವರು ಮೂರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 21ರ ನಡುವೆ ನಡೆಯಿತು. ಅದರಲ್ಲಿ ಕರ್ನಾಟಕದ ಲೆಕ್ಕ ಕ್ರಮವಾಗಿ ಶೇ 35.4, ಶೇ 19.5, ಶೇ 32.9. ಮೂರನ್ನೂ ಕೂಡಿಸಿದರೆ 87.8. ಹಾಗಾದರೆ ನೂರಕ್ಕೆ 88 ಮಕ್ಕಳು ಅಪೌಷ್ಟಿಕರಾ? ಖಂಡಿತ ಅಲ್ಲ. ಈ ಮೂರು ಅಂಕಿ ಮಾತ್ರ ಇಟ್ಟುಕೊಂಡು ಹೇಳಬಹುದಾದ್ದು ಇಷ್ಟೇ: ಒಂದಾದರೂ ಕೊರತೆ ಇರುವ ಮಕ್ಕಳು ಶೇ 35.4ಕ್ಕಿಂತ ಕಡಿಮೆ ಇರಲಾರರು, ಶೇ 87.8ಕ್ಕಿಂತ ಜಾಸ್ತಿ ಇರಲಾರರು. ಎಷ್ಟು ಅಗಲದ ಅಂತರ ನೋಡಿ! ಮಧ್ಯದ ಲೆಕ್ಕ, ಅಂದರೆ ಎರಡರಲ್ಲಿ ಎಷ್ಟು ಮಕ್ಕಳು, ಮೂರರಲ್ಲೂ ಎಷ್ಟು ಮಕ್ಕಳು ಎಂಬುದು ಇಲ್ಲದಿದ್ದರೆ ಈ ಅಂತರ ಕಿರಿದಾಗುವುದಿಲ್ಲ.

ಇದನ್ನು ಗಮನಿಸಿದವರಿದ್ದಾರೆ. ಪೀಟರ್ ಸ್ವೆಡ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ 2000ದಲ್ಲಿ ಒಂದು ಸೂಚ್ಯಂಕ ಮಾಡಿಕೊಟ್ಟ. ಮೂರು ಪಟ್ಟಿಗಳನ್ನು ಬೇರೆ ಬೇರೆ ಇಡುವ ಬದಲು ಒಂದು ಮಗು ಒಂದೇ ಗುಂಪಿಗೆ ಬರುವ ಹಾಗೆ ಮಕ್ಕಳನ್ನು ಗುಂಪುಗಳಾಗಿ ಒಡೆಯುವುದು, ಆಮೇಲೆ ಸುಮ್ನೆ ಕೂಡಿಸುವುದು. ಮೂರು ವೃತ್ತಗಳ ವೆನ್ ಚಿತ್ರದಲ್ಲಿ ಒಳಗೆ ಏಳು ಕೋಣೆಗಳಿರುತ್ತವೆ. ಈ ಲೆಕ್ಕದಲ್ಲಿ ಅದರಲ್ಲೊಂದು ಕೋಣೆ ಯಾವತ್ತೂ ಖಾಲಿ. ಕುಳ್ಳಗಿದ್ದು, ಆ ಕುಳ್ಳ ಎತ್ತರಕ್ಕೂ ತಕ್ಕ ತೂಕ ಇಲ್ಲದ ಮಗು ವಯಸ್ಸಿಗೆ ತಕ್ಕ ತೂಕದಲ್ಲಿ ಇರಲು ಸಾಧ್ಯವೇ ಇಲ್ಲ. ಮೊದಲೆರಡು ಪಟ್ಟಿಯಲ್ಲಿ ಇದ್ದರೆ ಮೂರನೆಯದರಲ್ಲೂ ಇದ್ದ ಹಾಗೇ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಬಯಾಲಜಿ ಮಕ್ಕಳು ಮೊದಲು ಹಿಡಿಯುತ್ತಾರೆ, ಗಣಿತದವರು ಆಮೇಲೆ.

ನಮ್ಮ ದೇಶದ್ದೇ ಹಳೆಯ ಅಂಕಿಗಳಿಗೆ ಈ ಲೆಕ್ಕ ಹಾಕಿದ್ದಾರೆ. 1998-99ರ ಎರಡನೇ ಸಮೀಕ್ಷೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳ ಲೆಕ್ಕ ಇತ್ತು. ಎತ್ತರ ಕಡಿಮೆ ಇದ್ದವರು ಸುಮಾರು ಶೇ 45, ವಯಸ್ಸಿಗೆ ತೂಕ ಕಡಿಮೆ ಇದ್ದವರು ಸುಮಾರು ಶೇ 47, ಎತ್ತರಕ್ಕೆ ತೂಕ ಕಡಿಮೆ ಇದ್ದವರು ಸುಮಾರು ಶೇ 16. ಕೂಡಿಸಿ ನೋಡಿ, 108. ನೂರು ಮಕ್ಕಳಲ್ಲಿ 108 ಅಪೌಷ್ಟಿಕರು! ಗುಂಪುಗಳಾಗಿ ಒಡೆದು ಎಣಿಸಿದಾಗ ಒಂದಾದರೂ ಕೊರತೆ ಇದ್ದ ಮಕ್ಕಳು ಸುಮಾರು ಶೇ 60 ಎಂದು ತಿಳಿಯಿತು. ಈ 60 ಎಂಬುದನ್ನು ಎರಡೂ ಕಡೆಯಿಂದ ನೋಡಬೇಕು. ಮೂರನ್ನೂ ಕೂಡಿಸುವವರಿಗೆ 108 ಸಿಗುತ್ತದೆ, ಅದು ಅಸಂಬದ್ಧ. ದೊಡ್ಡದೊಂದು ಅಂಕಿ ಹಿಡಿದು ಶೇ 47 ಎಂದು ಸುಮ್ಮನಾಗುವವರು ನೂರರಲ್ಲಿ 13 ಮಕ್ಕಳನ್ನು ಲೆಕ್ಕದಿಂದ ಬಿಡುತ್ತಾರೆ. ತೂಕದ ಪಟ್ಟಿಯಲ್ಲಿ ಸಿಗದ, ಆದರೆ ಕುಳ್ಳಗೋ ಸೊರಗಿಯೋ ಇರುವ ಮಕ್ಕಳು ಅವರು. ಜಾಸ್ತಿ ಎಣಿಸುವುದು ಎಷ್ಟು ತಪ್ಪೋ ಕಡಿಮೆ ಎಣಿಸುವುದೂ ಅಷ್ಟೇ ತಪ್ಪು, ಬಜೆಟ್ ಬರೆಯುವ ಕಡೆ ಎರಡನೆಯದು ಇನ್ನೂ ಅಪಾಯ. ನನ್ನ ಕ್ಲಾಸಿನ ಲೆಕ್ಕದಲ್ಲಿ ಪಾಸೂ ಇಲ್ಲದ ಸ್ಕಾಲರ್‌ಶಿಪ್ಪೂ ಇಲ್ಲದ 8 ಮಕ್ಕಳು ಉಳಿದರಲ್ಲ, ಅವರು ಕಾಣಿಸಿದ್ದು ಸಂಯೋಗವನ್ನು ಸರಿಯಾಗಿ ಎಣಿಸಿದ್ದರಿಂದ. 69 ಎಂದು ಬರೆದುಕೊಂಡಿದ್ದರೆ ಎಲ್ಲರಿಗೂ ಸಿಕ್ಕಿದೆ, ಇನ್ನೂ ಮಿಕ್ಕಿದೆ ಎನ್ನುವ ಹಾಗಿರುತ್ತಿತ್ತು.

ಸರಿಯಾಗಿ ಮಾಡಿದ ಉದಾಹರಣೆಯೂ ಇದೆ, ಬರೀ ದೂರೇ ಹೇಳಬಾರದು. 2011ರ ಜನಗಣತಿಯಲ್ಲಿ ಅಂಗವಿಕಲರ ಲೆಕ್ಕ ತೆಗೆದಾಗ ದೃಷ್ಟಿ, ಶ್ರವಣ, ಮಾತು, ಚಲನೆ ಹೀಗೆ ಬೇರೆ ಬೇರೆ ಕಾಲಂ ಇಟ್ಟು, ಒಂದಕ್ಕಿಂತ ಹೆಚ್ಚು ತೊಂದರೆ ಇರುವವರಿಗೆ ಬಹುವಿಧ ಎಂದು ಒಂದು ಪ್ರತ್ಯೇಕ ಕಾಲಂ ಇಟ್ಟಿದ್ದರು. ಹಾಗಾಗಿ ಎಲ್ಲ ಕಾಲಂ ಕೂಡಿಸಿದರೆ ಒಟ್ಟು ಜನರೇ ಬರುತ್ತಾರೆ, ದೇಶಕ್ಕೆ ಸುಮಾರು 2.68 ಕೋಟಿ. ಕಿವಿಯೂ ಕೇಳದ, ಕಣ್ಣೂ ಕಾಣದ ಒಬ್ಬರು ಎರಡು ಕಡೆ ಬರಲಿಲ್ಲ. ಆ ಒಂದು ಕಾಲಂ ಇಡಬೇಕು ಎಂದು ಯಾರಿಗೆ ಹೊಳೆಯಿತೋ ಅವರು ಅಭ್ಯಾಸ 1.6ರಂಥದ್ದನ್ನು ಎಲ್ಲೋ ಒಂದು ಕಡೆ ಮಾಡಿದವರೇ ಇರಬೇಕು.

ಇನ್ನು ನಮ್ಮ ಶಕ್ತಿ ಯೋಜನೆ. 2023ರ ಜೂನ್ 11ರಂದು ಶುರುವಾಯಿತು, 2025ರ ಜುಲೈನಲ್ಲಿ ಉಚಿತ ಟಿಕೆಟ್‌ಗಳ ಸಂಖ್ಯೆ 500 ಕೋಟಿ ದಾಟಿತು. 2011ರ ಗಣತಿಯಲ್ಲಿ ರಾಜ್ಯದ ಹೆಣ್ಣುಮಕ್ಕಳು 3 ಕೋಟಿ ಚಿಲ್ಲರೆ. 500 ಕೋಟಿ ಎಂಬುದು ಪ್ರಯಾಣಗಳ ಲೆಕ್ಕ, ಜನರ ಲೆಕ್ಕ ಅಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಮಾತಿನ ಭರದಲ್ಲಿ ಇಷ್ಟು ಕೋಟಿ ಮಹಿಳೆಯರು ಪ್ರಯಾಣಿಸಿದರು ಎಂದು ಬಂದುಬಿಡುತ್ತದೆ, ಪರ ಇರುವವರೂ ಹೇಳುತ್ತಾರೆ, ವಿರೋಧಿಸುವವರೂ ಹೇಳುತ್ತಾರೆ. ನನಗೆ ಯೋಜನೆಯ ಮೇಲೆ ತಕರಾರಿಲ್ಲ, ನಮ್ಮ ಕಾಲೇಜಿಗೆ ಬರುವ ಹೆಣ್ಣುಮಕ್ಕಳನ್ನು ನೋಡುತ್ತಲೇ ಇದ್ದೇನೆ. ನನಗೆ ಕುತೂಹಲ ಇರುವುದು ಇನ್ನೊಂದು ಪ್ರಶ್ನೆಯಲ್ಲಿ. ಒಂದು ಸಲವಾದರೂ ಈ ಟಿಕೆಟ್ ತೆಗೆದುಕೊಂಡ ಬೇರೆ ಬೇರೆ ಹೆಂಗಸರು ಎಷ್ಟು? ಬಸ್ಸು ಹೋಗದ ಊರಿನಲ್ಲಿದ್ದು ಒಂದು ಸಲವೂ ಹತ್ತದವರು ಎಷ್ಟು? ಪ್ರತಿದಿನದ ಪ್ರಯಾಣಿಕರ ಪಟ್ಟಿಯನ್ನು ಒಂದೊಂದು ಗಣ ಎಂದುಕೊಂಡರೆ ನಾವು ಕೇಳುತ್ತಿರುವುದು ಆ ನೂರಾರು ಗಣಗಳ ಸಂಯೋಗ. ಶೂನ್ಯ ದರದ ಟಿಕೆಟ್ಟಿನ ಮೇಲೆ ಹೆಸರು ಇರುವುದಿಲ್ಲ, ಹಾಗಾಗಿ ಸೋಮವಾರ ಹತ್ತಿದವರೇ ಮಂಗಳವಾರವೂ ಹತ್ತಿದರಾ ಎಂದು ಟಿಕೆಟ್ ನೋಡಿ ಹೇಳಲು ಬರುವುದಿಲ್ಲ. ಸೂತ್ರ ಎಷ್ಟು ಚೆನ್ನಾಗಿ ಗೊತ್ತಿದ್ದರೂ ಮಧ್ಯದ ಅಂಕಿ ಇಲ್ಲದೆ ಅದು ಕೆಲಸ ಮಾಡುವುದಿಲ್ಲ. ಕಂಡಕ್ಟರ್ ಕೊಟ್ಟ ಟಿಕೆಟ್ ಕೂಡಿಸುವುದು ಸುಲಭ, ತಲೆ ಎಣಿಸಬೇಕಾದರೆ ಯಾರು ಯಾರು ಎಂಬುದು ಗೊತ್ತಿರಬೇಕು. ಮತದಾರರ ಪಟ್ಟಿಯಲ್ಲಿ ಎರಡು ಕಡೆ ಹೆಸರಿರುವವರನ್ನು ಹುಡುಕುವ ಕಷ್ಟವೂ ಇದೇ ಜಾತಿಯದು, ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್ ಎಂದಿದ್ದರೆ ಕಂಪ್ಯೂಟರು ಅವರನ್ನು ಇಬ್ಬರು ಎನ್ನುತ್ತದೆ.

ಮೀಸಲಾತಿಯ ಚರ್ಚೆಯಲ್ಲೂ ಇದೇ ಗೊಂದಲ ನೋಡುತ್ತೇನೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಇವು ಒಂದರ ಮೇಲೊಂದು ಬೀಳುವುದಿಲ್ಲ, ಶೇಕಡಾವಾರು ಕೂಡಿಸಬಹುದು. ಮಹಿಳೆಯರಿಗೆ, ಅಂಗವಿಕಲರಿಗೆ ಇರುವ ಮೀಸಲಾತಿ ಅವೆಲ್ಲದರ ಒಳಗೂ ಅಡ್ಡಲಾಗಿ ಹಾಯುತ್ತದೆ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇದನ್ನು ಲಂಬ ಮತ್ತು ಸಮತಲ ಎಂದು ಬೇರೆ ಮಾಡಿ ಹೇಳಿದೆ. ಆದರೂ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡಿಸಿ, ನೋಡಿ ನೂರು ದಾಟಿತು ಎಂದು ಮೊಬೈಲಿನಲ್ಲಿ ಹಂಚುವವರಿದ್ದಾರೆ. ಅವರ ಹತ್ತಿರ ವಾದ ಮಾಡಿ ಸುಸ್ತಾಗಿದೆ, ಎರಡು ವೃತ್ತ ಬರೆದು ತೋರಿಸಿದರೆ ಕೆಲವರಾದರೂ ಸುಮ್ಮನಾಗುತ್ತಾರೆ.

ತಮಾಷೆ ಎಂದರೆ ಮನೆಯಲ್ಲಿ ಈ ಲೆಕ್ಕ ನಮಗೆ ಚೆನ್ನಾಗಿಯೇ ಬರುತ್ತದೆ. ಸಂಬಂಧದಲ್ಲೇ ಮದುವೆ ಆಗುವ ಮನೆಗೆ ಹೋಗಿ ನೋಡಿ. ಗಂಡಿನ ಕಡೆಯವರು 400 ಜನ, ಹೆಣ್ಣಿನ ಕಡೆಯವರು 350 ಎನ್ನುತ್ತಾರೆ. ಅಡುಗೆಯವರು ಎಷ್ಟು ಎಲೆ ಎಂದು ಕೇಳಿದ ಕೂಡಲೇ ಯಾರೋ ಒಬ್ಬ ಅಜ್ಜಿ, ತಾಳಿ ತಾಳಿ, ಹಾಸನದವರು ಎರಡೂ ಕಡೆಯವರೇ, ಅವರನ್ನು ಎರಡು ಸಲ ಹಾಕಬೇಡಿ ಎನ್ನುತ್ತಾರೆ. ಅವರು ಯಾವ ಪುಸ್ತಕ ಓದಿದ್ದರು? ದುಡ್ಡು ನಮ್ಮ ಜೇಬಿನಿಂದ ಹೋಗುವಾಗ ಛೇದನ ಗಣ ತಾನಾಗಿ ಕಾಣುತ್ತದೆ, ಅಂಕಿ ಸರ್ಕಾರದ್ದಾದರೆ ಕಾಣುವುದಿಲ್ಲ.

ವಿಷಯ ಗಣಿತದೊಳಗೂ ಬೇಕಾದಷ್ಟಿದೆ. 1ರಿಂದ 100ರವರೆಗೆ 2ರಿಂದಲೋ 3ರಿಂದಲೋ ಭಾಗವಾಗುವ ಸಂಖ್ಯೆಗಳು ಎಷ್ಟು? 50 ಮತ್ತು 33 ಸೇರಿ 83, ಎರಡರಿಂದಲೂ ಭಾಗವಾಗುವ, ಅಂದರೆ 6ರಿಂದ ಭಾಗವಾಗುವ 16 ಕಳೆದರೆ 67. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೂ ಇಂಥದ್ದೇ ಕೂಡು ಕಳೆ ಇದೆ. 400 ವರ್ಷದಲ್ಲಿ 4ರಿಂದ ಭಾಗವಾಗುವ ವರ್ಷ 100, ಅದರಲ್ಲಿ 100ರಿಂದ ಭಾಗವಾಗುವ 4 ತೆಗೆಯಬೇಕು, 400ರಿಂದ ಭಾಗವಾಗುವ 1 ವಾಪಸ್ ಸೇರಿಸಬೇಕು. ಅಧಿಕ ವರ್ಷಗಳು 97. ಅದಕ್ಕೇ 1900ರಲ್ಲಿ ಫೆಬ್ರುವರಿ 29 ಇರಲಿಲ್ಲ, 2000ದಲ್ಲಿ ಇತ್ತು.

ಪರೀಕ್ಷೆಗೆ ಬರುವುದಿಲ್ಲವಲ್ಲ ಸಾರ್, ಯಾಕೆ ಮಾಡಬೇಕು ಎಂದು ಕೇಳುವ ಮಕ್ಕಳಿಗೆ ಉತ್ತರ ಇದೆ. ಗಣಗಳು ಜೆಇಇ ಪಠ್ಯಕ್ರಮದಲ್ಲಿವೆ. 2020ರ ಜೆಇಇ ಮೇನ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು, ನಿಮಗೆ ಇಷ್ಟವಾಗಬಹುದು. ಒಂದು ಊರಿನಲ್ಲಿ ಶೇ 63 ಜನ ಒಂದು ಪತ್ರಿಕೆ ಓದುತ್ತಾರೆ, ಶೇ 76 ಜನ ಇನ್ನೊಂದು ಪತ್ರಿಕೆ ಓದುತ್ತಾರೆ, ಎರಡನ್ನೂ ಓದುವವರು ಎಷ್ಟಿರಬಹುದು? ಕೊಟ್ಟ ಆಯ್ಕೆಗಳು 37, 29, 65, 55. ಎರಡನ್ನೂ ಕೂಡಿಸಿದರೆ 139, ನೂರನ್ನು ಮೀರಿದ 39 ಜನ ಎರಡನ್ನೂ ಓದಲೇಬೇಕು. 63ಕ್ಕಿಂತ ಜಾಸ್ತಿ ಆಗಲೂ ಆಗದು, ಮೊದಲ ಪತ್ರಿಕೆ ಓದುವವರೇ ಅಷ್ಟು. ಹಾಗಾಗಿ 55 ಒಂದೇ ಸರಿ. ಅರ್ಧ ನಿಮಿಷದ ಕೆಲಸ, ಅಭ್ಯಾಸ ಇದ್ದರೆ. ಕೋಚಿಂಗ್ ಸೆಂಟರಿನಲ್ಲಿ ಇದನ್ನು ಹೇಳಿಕೊಡುತ್ತಾರೆ, ಅಲ್ಲಿಗೆ ಹೋಗಲು ಆಗುವವರಿಗೆ. ಸರ್ಕಾರಿ ಕಾಲೇಜಿನ ಹುಡುಗನ ಪುಸ್ತಕದಲ್ಲಿ ಆ ಪುಟ ಇಲ್ಲ. ಹೊರೆ ಇಳಿಸಿದ್ದು ಯಾರದ್ದು, ಹೇರಿದ್ದು ಯಾರ ಮೇಲೆ? ಪಠ್ಯದಲ್ಲಿ ಒಂದು, ಪರೀಕ್ಷೆಯಲ್ಲಿ ಇನ್ನೊಂದು ಆದರೆ ಏನಾಗುತ್ತದೆ ಎಂದು 2024ರ ಸಿಇಟಿಯಲ್ಲಿ ನೋಡಿದ್ದೇವೆ. ಕೈಬಿಟ್ಟ ಭಾಗಗಳಿಂದ ಪ್ರಶ್ನೆ ಬಂದು, ಮಕ್ಕಳು ಬೀದಿಗಿಳಿದು, ಕೊನೆಗೆ 50 ಪ್ರಶ್ನೆಗಳನ್ನು ಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕು ಪುಟ ವಾಪಸ್ ಸೇರಿಸುವುದು ದೆಹಲಿಯವರ ಕೈಯಲ್ಲಿದೆ, ಅಲ್ಲಿಯವರೆಗೆ ನಮ್ಮ ಇಲಾಖೆ ಒಂದು ಹೆಚ್ಚುವರಿ ಹಾಳೆ ಅಚ್ಚು ಹಾಕಿ ಕಾಲೇಜುಗಳಿಗೆ ಕಳುಹಿಸಬಹುದು. ಅದರಲ್ಲಿ ಕ್ರಿಕೆಟ್ಟು, ಟೆನಿಸ್ಸು, ಫ್ರೆಂಚು, ಸ್ಪ್ಯಾನಿಷ್ ಬದಲು ಅಂಗನವಾಡಿಯ ತೂಕದ ಪಟ್ಟಿ, ಬಸ್ ಪಾಸು, ರೇಷನ್ ಕಾರ್ಡು ಇರಲಿ. ಸಹೋದ್ಯೋಗಿಗಳಲ್ಲಿ ಒಂದು ಮಾತು: ಒಂದೇ ಒಂದು ಪೀರಿಯಡ್ ಸಾಕು, ಸಿಲಬಸ್ ಮುಗಿಯಲ್ಲ ಎಂಬ ನೆಪ ಇದಕ್ಕೆ ಬೇಡ. ನಿಮ್ಮ ವರದಿಗಾರರಲ್ಲಿ ಒಂದು ವಿನಂತಿ. ಯಾರಾದರೂ ಎರಡು ಪಟ್ಟಿ ಕೊಟ್ಟು ಒಟ್ಟು ಎಂದು ಮೂರನೇ ಅಂಕಿ ಹೇಳಿದರೆ, ಎರಡರಲ್ಲೂ ಇರುವವರು ಎಷ್ಟು ಎಂದು ಒಂದು ಸಲ ಕೇಳಿ. ಉತ್ತರ ಸಿಗಲಿಲ್ಲ ಎಂದರೆ ಒಟ್ಟು ಎಂಬ ಅಂಕಿಯನ್ನು ಅಚ್ಚು ಹಾಕಬೇಡಿ, ಎರಡನ್ನೂ ಬೇರೆ ಬೇರೆ ಬರೆಯಿರಿ.

ಕೊನೆಗೆ ಓದುಗರಿಗೆ. 2022ಕ್ಕೆ ಮೊದಲಿನ ಪ್ರಥಮ ಪಿಯುಸಿ ಗಣಿತ ಪುಸ್ತಕ ಮನೆಯ ಅಟ್ಟದಲ್ಲಿದ್ದರೆ ರದ್ದಿಗೆ ಹಾಕಬೇಡಿ, ಹತ್ತಿರದ ಕಾಲೇಜಿನ ಲೈಬ್ರರಿಗೆ ಕೊಡಿ. ಅಭ್ಯಾಸ 1.6ರ ಎಂಟೂ ಲೆಕ್ಕಗಳು ಅದರಲ್ಲಿವೆ.

ಇಂತಿ,
ಒಬ್ಬ ಪಿಯು ಗಣಿತ ಉಪನ್ಯಾಸಕ
ಅರಸೀಕೆರೆ